ತಂತಿ ಮೀಟಿ ನೋಡು

ಹೋದ ತಿಂಗಳು ಮಿರಜಿಗೆ ಹೋಗಿ ಚಾಚಾ ಅವರ ಗೋರಿಗೆ ಮೂರು ಹಿಡಿ ಮಣ್ಣು ಹಾಕಿ ಬಂದೆ. ವಯಸ್ಸು ತೊಂಬತ್ತರ ಸಮೀಪಕ್ಕೆ ಬಂದಿತ್ತು, ನರಳಾಟವಿಲ್ಲದೆ ಹೋದರು, ಅಳುವಂಥದ್ದೇನೂ ಇರಲಿಲ್ಲ. ಆದರೂ ಅತ್ತೆ. ವಾದ್ಯ ಮಾಡುವವರ ಆ ಓಣಿಗೆ ಓಣಿಯೇ ಬಂದಿತ್ತು. ಒಬ್ಬರೂ ಜೋರಾಗಿ ಮಾತಾಡಲಿಲ್ಲ. ಜೋರಾಗಿ ಮಾತಾಡಿದರೆ ಎದ್ದು ಕುಳಿತು ‘ಸುರ ಇಳಸ್ರಿ’ ಎಂದು ಗದರಿಸಿಯಾರು ಎಂಬ ಅಂಜಿಕೆ ನನಗಂತೂ ಇತ್ತು.

ಅವರ ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ. ಆ ಓಣಿಯಲ್ಲಿ ಎಲ್ಲರೂ ತಾವು ಮಾಡಿದ ಸಿತಾರಿನೊಳಗೆ ತಮ್ಮ ಹೆಸರಿನ ಚೀಟಿ ಅಂಟಿಸುತ್ತಾರೆ. ಇವರು ಅಂಟಿಸುತ್ತಿರಲಿಲ್ಲ. ಯಾಕ್ರಿ ಚಾಚಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಚಲೋ ನುಡೀತಂದ್ರ ಬಾರಸಾಂವನ ಹೆಸರು ಆಗ್ತದ. ಕೆಟ್ಟ ನುಡೀತಂದ್ರ ನನ್ನ ಮನೀ ಹುಡುಕ್ಕೊಂಡು ಬರ್ತಾರ. ಹೆಂಗೂ ಬರ್ತಾರಲ್ಲ, ಚೀಟಿ ಯಾಕ ಬೇಕು?” ಅಂದಿದ್ದರು. ಅಂಥವರ ಹೆಸರನ್ನು ನಾನು ಇಲ್ಲಿ ಅಂಟಿಸಿದರೆ ಅವರು ಒಪ್ಪುವ ಪೈಕಿ ಅಲ್ಲ.

ಅವರ ಹಿರಿಯರು ಸಂಸ್ಥಾನದ ಕಾಲದಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು, ಬಿಲ್ಲು ಬಾಣ ರಿಪೇರಿ ಮಾಡುತ್ತಿದ್ದವರು. ಕತ್ತಿಗೆ ಗಿರಾಕಿ ಇಲ್ಲದಂತಾದಾಗ ತಂಬೂರಿ, ಸಿತಾರಿನ ಕೆಲಸಕ್ಕೆ ಇಳಿದರು ಎಂದು ಊರು ಹೇಳುತ್ತದೆ. ತಾಯಿ ಅಥಣಿ ಕಡೆಯವರಾದ್ದರಿಂದ ಚಾಚಾ ಕನ್ನಡ ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು. ಲೆಕ್ಕಕ್ಕೆ ಮರಾಠಿ, ಸಿಟ್ಟಿಗೆ ಉರ್ದು, ಚೇಷ್ಟೆಗೆ ಕನ್ನಡ. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಕನ್ನಡವೇ.

ಮನುಷ್ಯರನ್ನು ಅವರು ನೋಡುತ್ತಲೇ ಇರಲಿಲ್ಲ, ಕೇಳುತ್ತಿದ್ದರು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ, ತಲೆ ಎತ್ತದೆ, “ಎಡಗಾಲ ಚಪ್ಪಲಿ ಮೊಳಿ ಸಡಲ ಆಗ್ಯದ ನೋಡೋ” ಅನ್ನುವರು. ಕಲ್ಲಂಗಡಿ, ಬಾಗಿಲು, ನೀರಿನ ಹಂಡೆ, ನನ್ನ ತಲೆ, ಏನು ಸಿಕ್ಕರೂ ಬೆರಳ ಗಣ್ಣಿನಿಂದ ಒಮ್ಮೆ ಬಡಿದು ನೋಡುವುದು ಚಟ. ಒಮ್ಮೆ ಹತ್ತಿರದ ಆರಗ ಎಂಬ ಊರಿನ ಬಸ್ಸಿನಲ್ಲಿ ನಾವಿಬ್ಬರೂ ಕುಳಿತಿದ್ದೆವು. ಸ್ಟ್ಯಾಂಡು ಬಿಟ್ಟು ಇನ್ನೂ ಊರು ದಾಟಿಲ್ಲ, “ಇಳೀಯೋ, ಇದು ಆರಗ ಮುಟ್ಟೂದಿಲ್ಲ” ಅಂದರು. ನಾನು ಇಳಿಯಲಿಲ್ಲ, ಅವರನ್ನೂ ಇಳಿಯಗೊಡಲಿಲ್ಲ. ಬಸ್ಸು ಅರ್ಧ ದಾರಿಗೆ ನಿಂತಿತು. ಬಿಸಿಲಿನಲ್ಲಿ ನಡೆಯುತ್ತ ಅವರು ಒಂದು ಮಾತೂ ಚುಚ್ಚಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಾನು ಸಹಕಾರಿ ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದವನು. ಯಾರ ಹೊಲದ ಕಬ್ಬು ಯಾವತ್ತು ಕಡಿಯಬೇಕು ಎಂಬ ಚೀಟಿ ಬರೆದು ಕೊಡುವುದು ಕೆಲಸ. ಆಗಿನ ದಿನಮಾನವೇ ಹಾಗಿತ್ತು: ಕಾರ್ಖಾನೆ, ಹಾಲಿನ ಸೊಸೈಟಿ, ನೀರೆತ್ತುವ ಸೊಸೈಟಿ, ಊರಿಗೆ ನಾಲ್ಕು ಚೇರ್ಮನ್ನರು, ಅವರ ಬೆನ್ನ ಹಿಂದೆ ಎಲ್ಲರೂ ಕೈಮುಗಿಯುವುದು ನನ್ನಂಥ ಚೀಟಿಯವನಿಗೆ. ತಲೆ ಸ್ವಲ್ಪ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ. ಚಾಚಾ ಅದನ್ನು ಮೊದಲ ದಿನವೇ ಕೇಳಿಸಿಕೊಂಡಿರಬೇಕು. ‘ಕಬ್ಬಿನ ಸಾಹೇಬ’ ಎಂದು ಹೆಸರಿಟ್ಟರು, ಕೊನೆಯವರೆಗೂ ಅದನ್ನೇ ಕರೆದರು.

ಕೃಷ್ಣೆಯ ನೀರು ಪೈಪಿನಲ್ಲಿ ಮೇಲೆ ಹತ್ತಿದಮೇಲೆ ನಮ್ಮೂರು ಮ್ಹೈಸಾಳದ ಸುತ್ತ ಎತ್ತ ನೋಡಿದರೂ ಕಬ್ಬು. ಕಬ್ಬಿನ ಬೆನ್ನಿಗೆ ಕಾಡುಹಂದಿ ಬಂದವು. ತಿನ್ನುವುದು ಒಂದು ಪಾಲು, ಕೆಡಹುವುದು ಮೂರು ಪಾಲು. ಮಿರಜಿನ ಆಸ್ಪತ್ರೆಗೆ ಕೆಲ ಕಾಲ ಬಂದಿದ್ದ ಒಬ್ಬ ಪರದೇಶದ ಡಾಕ್ಟರನ್ನು ನಾನು ಹೊಲ ಹೊಲ ತಿರುಗಿಸಿ ತೋರಿಸಿದ್ದೆ. ಊರಿಗೆ ಮರಳುವಾಗ ಆತ ತನ್ನ ಬಿಲ್ಲನ್ನು ನನಗೆ ಕೊಟ್ಟು ಹೋದ. ಬಿದಿರಿನದಲ್ಲ, ಕಂಪೌಂಡ್ ಬಿಲ್ಲು, ಎರಡೂ ತುದಿಗೆ ಗಾಲಿ, ಗಾಲಿಯ ಮೇಲೆ ಉಕ್ಕಿನ ತಂತಿ. ಮೊದಲು ಎಳೆಯುವಾಗ ಭಾರ, ಪೂರ್ತಿ ಎಳೆದಮೇಲೆ ತಾನೇ ಹಗುರಾಗಿ ಕೈಯಲ್ಲಿ ನಿಲ್ಲುತ್ತದೆ. ನನಗೆ ಸ್ವರ್ಗ ಸಿಕ್ಕಂತಾಯಿತು. ಶಿಕಾರಿಗೆ ಕಾಯಿದೆ ಬಂದಿತ್ತು, ಹಂದಿಗೂ ಪರವಾನಿಗೆ ಬೇಕು ಎಂದು ಗೊತ್ತಿತ್ತು. ಪರವಾನಿಗೆ ಕೇಳಲು ಹೋದವನು ನಾನಲ್ಲ.

ಎರಡೇ ತಿಂಗಳಲ್ಲಿ ಉಕ್ಕಿನ ತಂತಿಯ ಎಳೆ ಬಿಚ್ಚಿತು. ಸಾಂಗಲಿಯ ಸೈಕಲ್ ಅಂಗಡಿಯವನೊಬ್ಬ ಬ್ರೇಕಿನ ತಂತಿ ಹಾಕಿಕೊಟ್ಟ. ಅದು ಮೊದಲನೇ ಎಳೆತಕ್ಕೇ ಹರಿದು ನನ್ನ ಗಲ್ಲ ಕೊಯ್ದಿತು. ಕಡೆಗೆ ಯಾರೋ ಮಿರಜಿನ ಓಣಿ ತೋರಿಸಿದರು. ಗಲ್ಲಕ್ಕೆ ಪಟ್ಟಿ ಹಾಕಿಕೊಂಡು ಬಿಲ್ಲು ಹಿಡಿದು ಮೆಟ್ಟಿಲು ಹತ್ತಿದಾಗ ಚಾಚಾ ಕುಂಬಳದ ಬುರುಡೆ ಉಜ್ಜುತ್ತ ಕುಳಿತಿದ್ದರು. ನನ್ನನ್ನು ನೋಡಲಿಲ್ಲ, ಬಿಲ್ಲನ್ನು ನೋಡಿದರು. ತಿರುವಿದರು, ಗಾಲಿಗೆ ಉಗುರಿನಿಂದ ಬಡಿದರು.

“ಸಿತಾರಕ್ಕ ಕುಂಬಳ ಒಂದ ಇರ್ತದ. ಇದಕ್ಕ ಗಾಲಿ ಎರಡ ಅದಾವ. ಎಲ್ಲಿಗಿ ಹೊಂಟದ ಇದು?” ಎಂದರು.

ತಂತಿ ಹಾಕಿಕೊಟ್ಟರು, ಆದರೆ ಒಂದು ಷರತ್ತಿನ ಮೇಲೆ. ಬಾಣ ಹೂಡುವ ಮೊದಲು, ಪ್ರತಿ ಸಲ, ಶಿಕಾರಿ ಎದುರಿಗೇ ಇದ್ದರೂ, ಬರಿ ತಂತಿಯನ್ನು ಒಮ್ಮೆ ಮೀಟಬೇಕು. ಅದರ ನಾದ ಇಳಿಯುವವರೆಗೆ ತಡೆಯಬೇಕು. ಆಮೇಲೆ ಬಾಣ. ಅವರ ಮನೆತನದಲ್ಲಿ ಬಿಲ್ಲು ಹಿಡಿದ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ.

“ಮೀಟಿದ್ರ ಹಂದಿ ಓಡಿ ಹೋಗ್ತದಲ್ರಿ” ಅಂದೆ.

“ಹೋಗಲಿ. ಹಂದಿ ಓಡ್ತದ. ಮನಷ್ಯಾ ಇದ್ರ ‘ಯಾರೋ’ ಅಂತಾನ. ಓಡಿದ್ದು ನಾಳೆ ಮತ್ತ ಬರ್ತದಪಾ.”

ಇಂಥ ಶಿಕಾರಿ ಜಗತ್ತಿನಲ್ಲಿ ಎಲ್ಲಾದರೂ ಇದೆಯೇ? ನಗು ಬಂತು. ಆದರೆ ಬಿಲ್ಲು ಅವರ ತೊಡೆಯ ಮೇಲಿತ್ತು. ಹೂಂ ಅಂದೆ. ಅಂದಮೇಲೆ ನಡೆಸಿಕೊಂಡೆ ಕೂಡ, ಯಾಕೆಂದರೆ ಹದಿನೈದು ದಿನಕ್ಕೊಮ್ಮೆ ತಂತಿ ಬಿಗಿಸಲು ಅವರ ಬಳಿಗೇ ಹೋಗಬೇಕಿತ್ತು, ಹೋದಾಗಲೆಲ್ಲ ಅವರು ಕಣ್ಣು ಕಿರಿದು ಮಾಡಿ “ಮೀಟತೀಯಿಲ್ಲೋ?” ಎಂದು ಕೇಳುವರು. ಆ ಕಿವಿಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಪರಿಣಾಮ, ಎರಡು ವರ್ಷದಲ್ಲಿ ನಾನು ಹೊಡೆದ ಹಂದಿ ಒಂದೂ ಇಲ್ಲ. ಊರಲ್ಲಿ ನನ್ನನ್ನು ಕಂಡು ಹಂದಿಗಳೇ ನಮಸ್ಕಾರ ಮಾಡುತ್ತವೆ ಎಂದು ನಗಾಡಿದರು.

ಆ ಹೊತ್ತಿಗೆ ಕುಪವಾಡದ ಶೇಠ ಗಂಟುಬಿದ್ದ. ಔದ್ಯೋಗಿಕ ವಸಾಹತಿನಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ಪರದೇಶದಲ್ಲಿದ್ದ ಅವನ ತಮ್ಮ ಹೊಸ ಬಿಲ್ಲೊಂದನ್ನು ತಂದುಕೊಟ್ಟಿದ್ದ. ನನ್ನದಕ್ಕಿಂತ ಎಷ್ಟೋ ವೇಗದ್ದು. ಬಾಣ ಬಿಟ್ಟರೆ ಕಣ್ಣಿಗೆ ಕಾಣುವುದೇ ಇಲ್ಲ. ಶೇಠನಿಗೆ ಅದನ್ನು ಎಳೆಯಲು ತೋಳಿರಲಿಲ್ಲ, ಅವನ ತಾಯಿಗೆ ಮನೆಯಲ್ಲೊಂದು ಒಳ್ಳೇ ಕರೆಯುವ ಎಮ್ಮೆ ಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಎಮ್ಮೆ ಇತ್ತು. “ಎಮ್ಮೀ ಕೊಡ್ರಿ, ಬಿಲ್ಲು ಒಯ್ರಿ. ಬೇಕಾದ್ರ ಎಂಟು ದಿನ ಇಟಗೊಂಡು ಹೊಡದು ನೋಡ್ರಿ” ಅಂದ.

ಎಮ್ಮೆ ನಮ್ಮ ಮನೆಯಲ್ಲಿತ್ತು, ಆದರೆ ನನ್ನದಾಗಿರಲಿಲ್ಲ. ನನ್ನ ಹೆಂಡತಿ ಶಾಂತಾ ಆರಗದ ಮಗಳು. ಎಮ್ಮೆ ಅವಳ ತವರಿನಿಂದ ಅವಳ ಬೆನ್ನಿಗೇ ಬಂದದ್ದು. ಬೆಳಿಗ್ಗೆ ಸಂಜೆ ಹಾಲಿನ ಸೊಸೈಟಿಗೆ ಕೊಡ ಹೊತ್ತು ಹೋಗುವುದು ಅವಳ ದಿಮಾಕು. ಆ ಎಮ್ಮೆಯ ಮೇವಿಗಾಗಿ ಅವಳು ಪ್ರತಿ ಸುಗ್ಗಿಯಲ್ಲೂ ಕಬ್ಬು ಕಡಿಯುವ ಟೋಳಿಯ ಜೊತೆ ಜಗಳ ಆಡುತ್ತಿದ್ದಳು. ನಮ್ಮ ಕಡೆ ಪದ್ಧತಿ ಏನೆಂದರೆ, ಕಡಿದ ಕಬ್ಬಿನ ತುದಿಯ ಹಸಿರು ಸೋಗೆ ಕಡಿದವರ ಹಕ್ಕು. ಅವರ ಎತ್ತಿಗೆ ಹಾಕಿ ಉಳಿದದ್ದನ್ನು ಮಾರಿಕೊಳ್ಳುತ್ತಾರೆ. ಹೊಲದ ಒಡೆಯ ಕೂಡ ಒಂದು ಹಿಡಿ ಮುಟ್ಟುವಂತಿಲ್ಲ. ಚೀಟಿ ಬರೆಯುವವನ ಹೆಂಡತಿಯಾದರೂ ಅವಳಿಗೆ ಸೋಗೆ ಸಿಗುತ್ತಿರಲಿಲ್ಲ. ಹೆಚ್ಚೇಕೆ, ಅದಕ್ಕಾಗಿಯೇ ಸಿಗುತ್ತಿರಲಿಲ್ಲ, ನಾಲ್ಕು ಮಂದಿ ನೋಡುತ್ತಾರೆ ಎಂದು.

ಶೇಠನ ಮಾತನ್ನು ಅವಳ ಮುಂದೆ ಇಟ್ಟೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಹಾಲು ಹಿಂಡುವುದನ್ನು ನಿಲ್ಲಿಸದೆ ಹೇಳಿದಳು: “ಕೊಡ್ರಿ. ಬಿಲ್ಲ ಎಷ್ಟ ಹಾಲ ಕೊಡ್ತದ ಕೇಳಿಕೊಂಡು ಬರ್ರಿ. ಡೇರಿಯವರು ಕೇಳ್ತಾರ.” ಆಮೇಲೆ ನಾಲ್ಕು ದಿನ ಮಾತು ಬಿಟ್ಟಳು. ಮದುವೆಯಾಗಿ ಮೂರು ವರ್ಷ, ಅಷ್ಟು ದಿನ ಮಾತು ಬಿಟ್ಟದ್ದು ಅದೇ ಮೊದಲು. ನನಗೆ ಹಠ ಏರಿತು.

ಹೊಸ ಬಿಲ್ಲನ್ನು ಚಾಚಾಗೆ ತೋರಿಸಲು ಒಯ್ದೆ. ಕೊಳ್ಳಬೇಕೋ ಬೇಡವೋ ಎಂದು ಕೇಳಲು ಅಂತ ಬಾಯಲ್ಲಿ ಅಂದೆ. ನಿಜವಾಗಿ ಅವರಿಂದ ಹೂಂ ಅನ್ನಿಸಿಕೊಂಡು ಶಾಂತಾಳ ಮುಂದೆ ಹೇಳಬೇಕಿತ್ತು. ಅವರು ಎರಡೂ ಬಿಲ್ಲು ಹೊರಿಸಿಕೊಂಡು ಓಣಿಯ ಹಿಂದಿನ ಬಯಲಿಗೆ ಕರೆದೊಯ್ದರು. ಹುಲ್ಲು ತುಂಬಿದ ಗೋಣಿಚೀಲ ಇಡಿಸಿದರು. ಮೂವತ್ತು ಹೆಜ್ಜೆ ದೂರ ನನ್ನನ್ನು ನಿಲ್ಲಿಸಿ, ತಾವು ಚೀಲದಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ನನಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ಕುಳಿತರು.

“ಬಿಡೋ. ನಿನ್ನ ತಂತಿ ಕೇಳಿದ ಕೂಡಲೇ ನಾ ತೊಡಿ ಬಡೀತೀನಿ.”

ಹಳೇ ಬಿಲ್ಲಿನಿಂದ ಬಿಟ್ಟೆ. ಅವರ ಕೈ ತೊಡೆಗೆ ಬಿತ್ತು, ಆಮೇಲೆ ಬಾಣ ಚೀಲಕ್ಕೆ ಹೊಕ್ಕಿತು. ಹೊಸದರಿಂದ ಬಿಟ್ಟೆ. ಬಾಣ ಹೋದದ್ದೇ ಕಾಣಲಿಲ್ಲ, ಆದರೂ ಕೈ ಮೊದಲು ಬಿತ್ತು, ಬಾಣ ಆಮೇಲೆ. ಹತ್ತು ಸಲ ಬಿಟ್ಟೆ, ಸಿಟ್ಟಿನಿಂದ ಬಿಟ್ಟೆ, ಮೈಯೆಲ್ಲ ಬೆವರಿತು. ಹತ್ತೂ ಸಲ ಅವರದೇ ಮೊದಲು.

“ನಾ ಮುದುಕ ಆಗಾಕ ಬಂದೇನಿ. ನನ್ನ ಕೈನ ಇಷ್ಟ ಚುರುಕು ಅಂದ್ರ ಹಂದಿ ಹೆಂಗಿರಬೇಕು? ಬಾಣ ಎಷ್ಟ ಓಡಲಿ, ಸಪ್ಪಳ ಅದರ ಮುಂದ ಓಡ್ತದ. ಹೊಸಾದು ಬಾಳ ಓಡ್ತದ, ಖರೆ. ಒದರೂದೂ ಬಾಳ ಒದರ್ತದಲ್ಲೋ” ಎಂದು ಎದ್ದು ಬಂದು ತಮ್ಮ ಜೇಬಿನಿಂದ ಉಣ್ಣೆಯ ಎಳೆ ತೆಗೆದರು. ಕುರಿಯ ಕಂಬಳಿಯಿಂದ ಕಿತ್ತದ್ದು. ಹಳೇ ಬಿಲ್ಲಿನ ತಂತಿಗೆ ಎರಡು ಕಡೆ ಸಣ್ಣ ಗೊಂಡೆ ಕಟ್ಟಿದರು. “ತಂಬೂರಿಗೆ ದಾರ ಹಾಕೂದು ನಾದ ಬರಲಿ ಅಂತ. ಇದಕ್ಕ ನಾದ ಸಾಯಲಿ ಅಂತ. ಈಗ ಬಿಡು.” ಬಿಟ್ಟೆ. ತಂತಿ ಕೆಮ್ಮಿದಷ್ಟೇ ಸಪ್ಪಳವಾಯಿತು. ಅವರ ಕೈ ತೊಡೆಗೆ ಬಿದ್ದದ್ದು ಬಾಣ ಚೀಲಕ್ಕೆ ಹೊಕ್ಕ ಮೇಲೆ. ಬೇಕೆಂದೇ ತಡ ಮಾಡಿದರೋ ಏನೋ, ಇವತ್ತಿಗೂ ನನಗೆ ಸಂಶಯವಿದೆ.

“ಮತ್ತ ಮೀಟೂದು ಯಾಕ್ರಿ? ಒಂದ ಕಡೆ ಸಪ್ಪಳ ಬ್ಯಾಡ ಅಂತೀರಿ, ಒಂದ ಕಡೆ ಮೀಟು ಅಂತೀರಿ” ಎಂದು ಹಿಡಿದೆ.

“ಮೀಟೂದು ಬಾಣಾ ಹೂಡೂಕಿಂತ ಮದಲ. ಗೊಂಡೆ ಹೂಡಿದ ಮ್ಯಾಲ. ಇವೆರಡೂ ಬ್ಯಾರೆ ಮಾತು.” ಹೊಸ ಬಿಲ್ಲನ್ನು ಬೆರಳಿನಿಂದ ಬಡಿದು, “ಕಬ್ಬಿನಾಗ ನೀ ಎಷ್ಟ ದೂರಿಂದ ಹೊಡೀತಿ? ಹತ್ತ ಹೆಜ್ಜಿ, ಹದಿನೈದ ಹೆಜ್ಜಿ. ಅಷ್ಟಕ್ಕ ಇದು ಯಾಕ ಬೇಕು? ನಿನ್ನ ಬಿಲ್ಲು ಸಾವಕಾಶ ಇಲ್ಲಪಾ, ನೀ ಅವಸರ ಅದಿ. ಎಮ್ಮೀ ಕಟಗೊಂಡು ಸುಮ್ಮ ಇರು” ಅಂದರು.

ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ನನಗೆ ಅವಮಾನವಾಯಿತು. ಶೇಠ ಕೊಟ್ಟ ಎಂಟು ದಿನದಲ್ಲಿ ಇನ್ನೂ ಎರಡು ದಿನ ಉಳಿದಿದ್ದವು, ನಾಡಿದ್ದು ನಮ್ಮದೇ ಹೊಲದ ಕಬ್ಬು ಕಡಿತ. ಹೊಸ ಬಿಲ್ಲಿನಿಂದ ಒಂದು ಹಂದಿ ಹೊಡೆದು ತೋರಿಸಿದರೆ ಚಾಚಾನೂ ಶಾಂತಾಳೂ ಒಟ್ಟಿಗೇ ಬಾಯಿ ಮುಚ್ಚುತ್ತಾರೆ ಎಂದು ಎಣಿಸಿದೆ. “ನೀವೂ ಬರ್ರಿ, ನಿಮ್ಮ ಕಣ್ಣಾರೆ ನೋಡ್ರಿ” ಎಂದು ಕರೆದೆ.

“ಹಂದಿ ನಾ ನೋಡಾಂವಲ್ಲ, ಮುಟ್ಟಾಂವಲ್ಲ. ತಂತಿ ಕೇಳಾಕ ಬರ್ತೀನಿ ನಡಿ” ಎಂದು ಮುಖ ಸಿಂಡರಿಸಿಕೊಂಡೇ ಬಂದರು.

ಕಬ್ಬಿನ ಕಡಿತ ನೋಡದವರಿಗೆ ಒಂದು ಮಾತು ಹೇಳಬೇಕು. ಟೋಳಿ ಹೊಲದ ಸುತ್ತಲಿಂದ ಕಡಿಯುತ್ತ ಒಳಕ್ಕೆ ಸರಿಯುತ್ತದೆ. ಒಳಗಿದ್ದ ಮೊಲ, ನರಿ, ಹಂದಿ ಎಲ್ಲ ಉಳಿದ ಕಬ್ಬಿನೊಳಗೇ ಹಿಂದೆ ಹಿಂದೆ ಹೋಗುತ್ತವೆ. ಮಧ್ಯಾಹ್ನದ ಹೊತ್ತಿಗೆ ನಡುವೆ ಒಂದು ಸಣ್ಣ ತುಂಡು ಉಳಿದಾಗ ಎಲ್ಲವೂ ಅದರಲ್ಲೇ ಅಡಗಿರುತ್ತವೆ. ಆ ಕೊನೆಯ ತುಂಡಿಗೆ ನಾನು ಕಾದಿದ್ದೆ. ಟೋಳಿಯವರು ಬುತ್ತಿ ಬಿಚ್ಚಲು ದೂರದ ಬೇವಿನ ಮರದ ಕಡೆಗೆ ಹೋದರು. ಹೊಲ ಗಪ್‌ಚುಪ್ ಆಯಿತು. ನಾನು ಬದುವಿನ ಈಚೆಗೆ ಮೊಣಕಾಲೂರಿ ಕುಳಿತೆ. ಚಾಚಾ ನನ್ನ ಹಿಂದೆ ಬದುವಿನ ಮೇಲೆ, ಹೆಗಲ ಟವೆಲ್ಲು ತೊಡೆಯ ಮೇಲೆ ಹರವಿಕೊಂಡು ಕುಳಿತರು.

ಕಬ್ಬು ಅಲುಗಿತು. ಸೋಗೆ ಮುರಿದ ಸಪ್ಪಳ, ಆಮೇಲೆ ಸುಮ್ಮನೆ. ಮತ್ತೆ ಮುರಿದ ಸಪ್ಪಳ, ಮತ್ತೆ ಸುಮ್ಮನೆ. ಹಂದಿ ತಿನ್ನುತ್ತ ಬರುವಾಗ ಥೇಟ್ ಹೀಗೇ ಬರುತ್ತದೆ. ಹನ್ನೆರಡು ಹೆಜ್ಜೆ ದೂರದಲ್ಲಿ, ಸೋಗೆಯ ಸಂದಿಯಲ್ಲಿ, ನೆಲಕ್ಕೆ ಬಾಗಿದ ಕರಿ ಬೆನ್ನು ಕಂಡಿತು. ನಾನು ಮೀಟಲಿಲ್ಲ. ಇಂಥ ಬಿಲ್ಲಿಗೆ ಎಂಥ ಮೀಟುವುದು ಎಂದುಕೊಂಡೆ. ಬಾಣ ಹೂಡಿದೆ, ಎಳೆದೆ. ಗಾಲಿ ತಿರುಗಿ ಬಿಲ್ಲು ಕೈಯಲ್ಲಿ ಹಗುರಾಯಿತು.

“ಮೀಟಿದೇನು?” ಎಂದು ಹಿಂದಿನಿಂದ ಚಾಚಾ ಮೆಲ್ಲಗೆ ಕೇಳಿದರು.

ನಾನು ಆ ಕರಿ ಬೆನ್ನಿನ ಮೇಲೇ ಕಣ್ಣಿಟ್ಟೆ.

“ಮೀಟಿದೇನಪಾ?” ಈ ಸಲ ಮಾಮೂಲು ದನಿಯಲ್ಲಿ, ಚಹಾ ಕುಡಿದೆಯಾ ಎಂದು ಕೇಳಿದ ಹಾಗೆ.

ಕಬ್ಬಿನೊಳಗಿನದು ತಟ್ಟನೆ ನಿಂತಿತು. ಓಡಲಿಲ್ಲ. ಕರಿ ಬೆನ್ನು ಅಲ್ಲಾಡದೆ ನನ್ನ ಬಾಣದ ನೇರಕ್ಕೇ ನಿಂತಿತು. ಅಂಥ ಗುರಿ ಎರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಬೆರಳು ಸಡಿಲಿಸಿದರೆ ಸಾಕಿತ್ತು. ಯಾಕೆ ಸಡಿಲಿಸಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಳ್ಳೆಯತನ ಅಂತ ಅಲ್ಲ, ಅದನ್ನು ಸ್ಪಷ್ಟ ಹೇಳುತ್ತೇನೆ. ಮೀಟದೆ ಹೊಡೆದರೆ ಈ ಮುದುಕ ಇನ್ನು ನನ್ನ ಬಿಲ್ಲು ಮುಟ್ಟುವುದಿಲ್ಲ, ನನ್ನನ್ನು ಮೆಟ್ಟಿಲು ಹತ್ತಗೊಡುವುದಿಲ್ಲ ಎಂಬ ಅಂಜಿಕೆ, ಅಷ್ಟೇ. ಹಲ್ಲು ಕಚ್ಚಿಕೊಂಡು ತಂತಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಬಾಣ ತೆಗೆದು ಬದುವಿನ ಮೇಲೆ ಒಗೆದೆ. ‘ತಗೊಳ್ರಿ ನಿಮ್ಮ ಸಂಗೀತ’ ಎಂದು ಮನಸ್ಸಿನಲ್ಲೇ ಬಯ್ದುಕೊಂಡು ತಂತಿಯನ್ನು ಜೋರಾಗಿ ಮೀಟಿದೆ. ಆ ಹೊಸ ಬಿಲ್ಲು ಇಡೀ ಹೊಲಕ್ಕೆ ಕೇಳುವ ಹಾಗೆ ಒದರಿತು.

ಕಬ್ಬಿನೊಳಗಿಂದ ಪಿಸುದನಿ ಬಂತು. “ಯಾರದು? ಟೋಳಿಯವರಿಗೆ ಹೇಳಬ್ಯಾಡ್ರಿ ನಿಮ್ಮ ಕಾಲ ಬೀಳ್ತೀನಿ. ಎರಡ ಹಿಡಿ ಅಷ್ಟ ಕಿತ್ತೀನಿ.”

ಶಾಂತಾ. ತಲೆಯಿಂದ ಕರಿಕಂಬಳಿ ಹೊದ್ದು, ಬೆನ್ನು ಬಾಗಿಸಿ, ಕಂಕುಳಲ್ಲಿ ಹಸಿರು ಸೋಗೆಯ ಕಟ್ಟು ಹಿಡಿದು ಹೊರಗೆ ಬಂದಳು. ಕಡಿದಮೇಲೆ ಸೋಗೆ ಟೋಳಿಯವರದು; ಕಡಿಯುವ ಮೊದಲು ಒಳಹೊಕ್ಕು ಕಿತ್ತರೆ ಯಾರಿಗೂ ಗೊತ್ತಾಗದು ಎಂದು, ಅವರು ಊಟಕ್ಕೆ ಹೋದದ್ದನ್ನು ನೋಡಿ, ತನ್ನ ಎಮ್ಮೆಗಾಗಿ ತನ್ನ ಹೊಲದಲ್ಲೇ ಕಳವು ಮಾಡಲು ಆ ಕಡೆಯಿಂದ ನುಸುಳಿದ್ದಳು. ಸೋಗೆ ಮೈ ಕೊಯ್ಯಬಾರದೆಂದು ಕಂಬಳಿ. ಮಾತು ಕೇಳಿ ಸಿಕ್ಕಿಬಿದ್ದೆ ಎಂದು ಉಸಿರು ಹಿಡಿದು ನಿಂತಿದ್ದಳು.

ನಾನು ಬದುವಿಗೆ ಒರಗಿ ಕುಳಿತುಬಿಟ್ಟೆ.

“ನೀವೇನು? ಬಿಲ್ಲ ಬಾರಸಾಕ ಯಾವಾಗ ಕಲತ್ರಿ?” ಎಂದಳು. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು.

ಉತ್ತರ ಕೊಟ್ಟವರು ಚಾಚಾ. “ನಾನs ಕಲಸಾಕತ್ತೀನಿ ಬೇಟಿ. ಸುರ ಇನ್ನೂ ಕೂಡವಲ್ದು. ನೀ ಲಗೂನ ನಡಿ, ಟೋಳಿಯವರು ಕೈ ತೊಳ್ಯಾಕತ್ತಾರ.” ಅನ್ನುತ್ತಲೇ ತೊಡೆಯ ಮೇಲಿನ ಟವೆಲ್ಲನ್ನು ಕೊಡವಿದಂತೆ ಮಾಡಿ, ನಾನು ಒಗೆದಿದ್ದ ಬಾಣದ ಮೇಲೆ ಹಾಸಿದರು.

ಅವಳು ಕಟ್ಟು ಹೊತ್ತು ಬದು ದಾಟಿ ಹೋದಳು. ಅವಳು ಮರೆಯಾದಮೇಲೆ, ಆ ತುಂಡಿನ ಇನ್ನೊಂದು ಮಗ್ಗುಲಿಂದ ಮೂರು ಹಂದಿ ಹೊರಬಿದ್ದು ಹಳ್ಳದ ಕಡೆಗೆ ಓಡಿದವಂತೆ. ಬೇವಿನ ಮರದ ಕಡೆಯಿಂದ ಗದ್ದಲ ಕೇಳಿತು. ನಾನು ತಲೆ ಎತ್ತಲಿಲ್ಲ. ಅಳುತ್ತಿದ್ದೆ, ನಡುನಡುವೆ ನಗುತ್ತಲೂ ಇದ್ದೆ. ಬದುಕಿದೆ ಅನ್ನಿಸಿತು. ಬಾಣದ ತುದಿಯಲ್ಲಿ ನಿಂತಿದ್ದವಳು ಅವಳು, ಆದರೆ ಬದುಕಿದ್ದು ನಾನು.

ಚಾಚಾ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕುಳಿತರು. ಅಳು ನಿಂತಮೇಲೆ ಕೇಳಿದೆ: “ನಿಮಗ ಹೆಂಗ ಗೊತ್ತಾತ್ರಿ? ಬಳೀ ಸಪ್ಪಳ ಕೇಳಿದ್ರೇನು?”

“ಹೂಂ ಅಂದ್ರ ನನ್ನ ಹೆಸರು ದೊಡ್ಡದಾಗ್ತದ. ಖರೆ ಹೇಳ್ತೀನಿ, ಏನೂ ಕೇಳಿಲ್ಲೋ. ನಾನೂ ಹಂದಿ ಅಂತನ ತಿಳದಿದ್ದೆ. ಗೊತ್ತಾಗೂದಿಲ್ಲ ಅಂತನ ಮೀಟೂದು.” ಆಮೇಲೆ ಅವರ ಮನೆತನದ ಮಾತು ಹೇಳಿದರು. ಕತ್ತಿಗೆ ಗಿರಾಕಿ ಇಲ್ಲದಾಗ ಸಿತಾರ ಹಿಡಿದರು ಎಂದು ಊರು ಹೇಳುವುದು ಅರ್ಧ ನಿಜ. ಅವರ ಮುತ್ತಜ್ಜ ಒಮ್ಮೆ ಮೀಟದೆ ಬಾಣ ಬಿಟ್ಟಿದ್ದನಂತೆ. “ಪೊದೀ ಹಿಂದ ಯಾರಿದ್ರು ಅಂತ ನಮ್ಮ ಮನ್ಯಾಗ ಯಾರೂ ಬಾಯಿ ಬಿಟ್ಟಿಲ್ಲ. ಅವತ್ತಿನಿಂದ ಅಂವ ಬಿಲ್ಲ ಮುಟ್ಟಲಿಲ್ಲ. ತಂತಿ ಮಾತ್ರ ಬಿಡಾಕ ಆಗಲಿಲ್ಲ” ಎಂದಷ್ಟೇ ಹೇಳಿ ಎದ್ದರು.

ಮರುದಿನ ಕುಪವಾಡಕ್ಕೆ ಹೋಗಿ ಶೇಠನಿಗೆ ಬಿಲ್ಲು ಮರಳಿಸಿದೆ. ಯಾಕೆ, ವೇಗ ಸಾಲದೇನು ಎಂದು ಕೇಳಿದ. ಎಮ್ಮೆ ಗಬ್ಬವಾಗಿದೆ ಎಂದು ಸುಳ್ಳು ಹೇಳಿದೆ. ಪುಣ್ಯಕ್ಕೆ ಅದೂ ಮುಂದಿನ ತಿಂಗಳು ನಿಜವಾಯಿತು. ವೇಗದ ಬಿಲ್ಲು ಕೊಳ್ಳಬೇಕೇ ಎಂದು ಯಾರಾದರೂ ಈಗ ನನ್ನನ್ನು ಕೇಳಿದರೆ ನಾನು ಗಾಲಿ, ತಂತಿ, ಬಾಣದ ತೂಕ ಯಾವುದನ್ನೂ ಮಾತಾಡುವುದಿಲ್ಲ. ಎಳೆದ ಮೇಲೆ ಇಳಿಸಲು ಬರುತ್ತದೋ ಎಂದು ಕೇಳುತ್ತೇನೆ. ನನ್ನ ಹಳೇ ಬಿಲ್ಲನ್ನು ಚಾಚಾಗೆ ಕೊಟ್ಟುಬಿಟ್ಟೆ. ಅದರ ಗಾಲಿಗಳನ್ನು ಬಾವಿಯ ಹಗ್ಗಕ್ಕೆ ಹಾಕಲು ನೋಡಿ ಸೋತರು. ಬಾಣಗಳು ಅವರ ಅಂಗಡಿಯ ಪರದೆಯ ಕೋಲುಗಳಾದವು. ಹಂದಿ ಓಡಿಸಲೆಂದು ನಮ್ಮ ಹೊಲದ ಬದುವಿಗೆ ತಾವೇ ಬಂದು ಹಳೇ ತಂತಿಗಳನ್ನು ಬಿಗಿದು ಹೋದರು. ಗಾಳಿ ಬಂದರೆ ಗುಂಯ್ ಅನ್ನುತ್ತಿತ್ತು. ಹದಿನೈದು ದಿನ ಹಂದಿ ಬರಲಿಲ್ಲ. ಆಮೇಲೆ ಅವಕ್ಕೂ ರೂಢಿಯಾಯಿತು, ಬಂದವು. ಈ ಸುದ್ದಿ ಹೇಳಿದಾಗ ಚಾಚಾ ಬೇಜಾರು ಮಾಡಿಕೊಳ್ಳಲಿಲ್ಲ, “ಕಿವಿ ಇದ್ದ ಹಂದಿ” ಎಂದು ಮೆಚ್ಚಿಕೊಂಡರು.

ಆದರೆ ಶಾಂತಾಳಿಗೆ ನಾನು ಹೇಳಲಿಲ್ಲ. ಅಂದು ಸಂಜೆ ನಾನು ಎಮ್ಮೆಯ ಕೊರಳು ಹಿಡಿದು ನಿಂತದ್ದನ್ನು ನೋಡಿ ಅವಳು ನಕ್ಕಿದ್ದಳು, ಆಗ ಹೇಳಬೇಕಿತ್ತು. ಹೇಳಲಿಲ್ಲ. ಮಕ್ಕಳಾದರು, ಎಮ್ಮೆ ಹೋಗಿ ಅದರ ಕರುವಿನ ಕರು ಬಂತು, ನಾನು ರಿಟೈರ್ ಆದೆ. ಅವಳು ಸಾಂಬಾರಿಗೆ ಉಪ್ಪು ಹೆಚ್ಚು ಹಾಕಿದ ದಿನವೂ ನಾನು ದನಿ ಎತ್ತುತ್ತಿರಲಿಲ್ಲ. ಜನ ಒಳ್ಳೇ ಗಂಡ ಅಂದರು. ಹಬ್ಬಕ್ಕೆ ಮಿರಜಿಗೆ ಹೋದಾಗ ಚಾಚಾ ನನ್ನ ಕಿವಿಯಲ್ಲಿ “ಹೇಳಿದೇನು?” ಎಂದು ಕೇಳುವರು. ಇಲ್ಲ ಎಂದು ತಲೆಯಾಡಿಸುವೆ. “ಇನ್ನೂ ಎಳಕೊಂಡ ಕುಂತೀಯಲ್ಲೋ. ಕೈ ಸೋಲ್ತಾವ” ಅನ್ನುವರು.

ಗೋರಿಗೆ ಮಣ್ಣು ಹಾಕಿ ಬಂದ ದಿನ, ಸ್ನಾನ ಮಾಡಿ ಜಗಲಿಯಲ್ಲಿ ಕುಳಿತೆ. ಶಾಂತಾ ಚಹಾ ತಂದಳು. ಅವಳಿಗೂ ಕಣ್ಣು ಕೆಂಪಾಗಿದ್ದವು. ಚಾಚಾ ಅವಳಿಗೆ ನನಗಿಂತ ಹತ್ತಿರದವರಾಗಿದ್ದರು. ಅಂದು ಹೊಲದಲ್ಲಿ ಆದದ್ದನ್ನು ಬಲ್ಲವನು ಇನ್ನು ನಾನೊಬ್ಬನೇ ಎಂಬುದು ಎದೆಯ ಮೇಲೆ ಕುಳಿತಿತ್ತು. ಹೇಳಿಬಿಟ್ಟೆ. ಕರಿಕಂಬಳಿ, ಹನ್ನೆರಡು ಹೆಜ್ಜೆ, ಎಳೆದ ತಂತಿ, ಎಲ್ಲ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ಬಸಿಯೊಳಗಿನ ಚಹಾ ಕುಡಿದು ಮುಗಿಸಿದಳು.

“ಟವೆಲ್ಲಿನ ಕೆಳಗಿಂದ ಬಾಣದ ತುದಿ ಕಾಣತಿತ್ತು” ಎಂದಳು.

ಅದಾಗಿ ನಲವತ್ತು ವರ್ಷ.

“ಅಷ್ಟು ಗೊತ್ತಿತ್ತು. ಒಂದ ಗೊತ್ತಿರಲಿಲ್ಲ. ನಿಮ್ಮನ್ನ ಕೇಳಾಕ ಅಂಜಿದೆ, ಚಾಚಾನ್ನ ಕೇಳಿದ್ರ ಅವರು ನಗತಿದ್ರು, ಹೇಳತಿರಲಿಲ್ಲ.” ಬಸಿ ಕೆಳಗಿಟ್ಟಳು. “ಅವತ್ತ ಬಿಲ್ಲ ಇಳಿಸಿದವರು ಯಾರು? ಅವರು ಕಸಗೊಂಡ್ರೇನು, ನೀವs ಇಳಿಸಿದ್ರೇನು?”

“ಅವರು ಕೇಳಿದ್ರು ಅಷ್ಟ. ಇಳಿಸಿದಾಂವ ನಾನು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಬಸಿಯನ್ನೂ ಎತ್ತಿಕೊಂಡಳು.

“ಹಂಗಾದ್ರ ಆತು ಬಿಡ್ರಿ” ಎಂದು ಹಾಲು ಹಿಂಡಲು ಹೋದಳು.